ಬಸ್ಸಿನಲ್ಲಿ ಏಳೇ ಜನ ಇದ್ದರೆ?

ಓದುಗರ ಪತ್ರ: ಆಳಂದ ರಸ್ತೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ನಮ್ಮೂರಿನ ಸೂಪರ್ ಮಾರ್ಕೆಟ್ ಪ್ರದೇಶದಿಂದ 20 ಕಿ.ಮೀ. ಕಾಲೇಜಿನ ಬಸ್ಸಿದೆ, ಆದರೆ ಅದರಲ್ಲಿ ಏಳು ಜನ ಕೂತರೆ ಹೆಚ್ಚು. ನಾವು ನಾಲ್ವರು ಸೇರಿ ಒಂದೇ ಕಾರಿನಲ್ಲಿ ಹೋಗುತ್ತಿದ್ದೇವೆ. ಪರಿಸರಕ್ಕೆ ಬಸ್ಸೇ ಒಳ್ಳೆಯದು ಅಂತ ನೀವು ಬರೆಯುತ್ತಲೇ ಇರುತ್ತೀರಿ. ನಮ್ಮ ವಿಷಯದಲ್ಲೂ ಅದು ನಿಜವೇ? — ಒಬ್ಬ ಓದುಗ, ಕಲಬುರಗಿ

ಸಂಪಾದಕರ ಉತ್ತರ: ಸರ್, ನಿಮ್ಮ ಪತ್ರ ಓದಿದ ಮೇಲೆ ಕಾಗದ ಪೆನ್ನು ಹಿಡಿದು ಕೂತೆ. ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಅನುಮಾನದಲ್ಲಿ ಹುರುಳಿದೆ.

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೊ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಪೆಟ್ರೋಲಾದರೆ 2.3 ಕಿಲೊ. ದೊಡ್ಡ ಬಸ್ಸು ಲೀಟರಿಗೆ 4 ಕಿ.ಮೀ. ಕೊಡುತ್ತದೆ, ಕಾರು 15 ಕೊಡುತ್ತದೆ ಅಂತ ಇಟ್ಟುಕೊಳ್ಳೋಣ. ನಿಮ್ಮ 20 ಕಿ.ಮೀ.ಗೆ ಬಸ್ಸಿಗೆ 5 ಲೀಟರ್ ಬೇಕು. ಅಂದರೆ 13.5 ಕಿಲೊ. ನಿಮ್ಮ ಕಾರಿನದು ಬರೀ 3 ಕಿಲೊ. ನಾಲ್ವರಿಗೆ ಹಂಚಿದರೆ ತಲೆಗೆ ಮುಕ್ಕಾಲು ಕಿಲೊ. ಏಳು ಜನರ ಬಸ್ಸಿನಲ್ಲಿ ತಲೆಗೆ ಹತ್ತಿರ ಹತ್ತಿರ 2 ಕಿಲೊ! ಬಸ್ಸು ನಿಮ್ಮ ಕಾರನ್ನು ಸರಿಗಟ್ಟಬೇಕಾದರೆ ಅದರಲ್ಲಿ 18 ಜನ ಇರಬೇಕು. ನಲವತ್ತು ಸೀಟೂ ತುಂಬಿದರೆ ತಲೆಗೆ 340 ಗ್ರಾಂ ಅಷ್ಟೇ, ಆಗ ಕಾರು ಅದರ ಹತ್ತಿರವೂ ಸುಳಿಯುವುದಿಲ್ಲ.

ಇನ್ನೊಂದನ್ನು ನೀವು ಬರೆದಿಲ್ಲ. ನಿಮ್ಮನ್ನು ಇಳಿಸಿದ ಬಸ್ಸು ಊರಿಗೆ ಖಾಲಿ ವಾಪಸ್ ಬರುತ್ತದಾ? ಬಂದರೆ ಲೆಕ್ಕ ಹೆಚ್ಚುಕಮ್ಮಿ ದುಪ್ಪಟ್ಟು. ಏಳು ಜನರಿಗೆ ತಲೆಗೆ 4 ಕಿಲೊ ಸಮೀಪ ಬೀಳುತ್ತದೆ. ಒಬ್ಬೊಬ್ಬರೇ ಕಾರಿನಲ್ಲಿ ಹೋಗುವುದಕ್ಕಿಂತ ಅದು ಜಾಸ್ತಿ.

ಆದರೂ ನಾಳೆ ಬೆಳಿಗ್ಗೆ ನೀವು ಆ ಬಸ್ಸನ್ನೇ ಹತ್ತಬೇಕು ಅನ್ನುತ್ತೇನೆ. ಯಾಕೆಂದರೆ ನೀವು ಹತ್ತಿದರೂ ಬಿಟ್ಟರೂ ಅದು ಹೊರಡುತ್ತದೆ, ಅದರ ಡೀಸೆಲ್ ಹೇಗೂ ಉರಿಯುತ್ತದೆ. ನಿಮ್ಮ ಕಾರಿನ 3 ಕಿಲೊ ಅದರ ಮೇಲೆ ಬೀಳುತ್ತದೆ. ನೀವು ನಾಲ್ವರು ಹತ್ತಿದರೆ ಏಳು ಇದ್ದದ್ದು ಹನ್ನೊಂದಾಯಿತು, ಹೆಚ್ಚಿನ ಡೀಸೆಲ್ ಲೆಕ್ಕಕ್ಕೆ ಬರುವಷ್ಟೂ ಇಲ್ಲ. ನಮ್ಮ ಊರಿನ ಎಷ್ಟೋ ಬಸ್ಸುಗಳು ಹೀಗೇ ಬರಿದಾದವು. ನಾಲ್ವರು ಬಿಟ್ಟರು, ಬಸ್ಸು ಖಾಲಿ ಕಂಡಿತು, ಒಂದು ಟ್ರಿಪ್ ಕಡಿತವಾಯಿತು, ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ ಅಂತ ಇನ್ನೂ ನಾಲ್ವರು ಬಿಟ್ಟರು.

ಕಳೆದ ಬೇಸಿಗೆಯಲ್ಲಿ ಸೂಪರ್ ಮಾರ್ಕೆಟ್ ಹತ್ತಿರ ಕಂಡದ್ದು ಇನ್ನೂ ಕಣ್ಣಲ್ಲಿದೆ. ಕಾಲೇಜೊಂದರ ಹಳೇ ಬಸ್ಸು ನಿಂತಿತ್ತು. ಒಳಗೆ ಮೂವರು. ಇಂಜಿನ್ ಆಫ್ ಮಾಡಿದರೆ ಎಸಿ ನಿಲ್ಲುತ್ತದೆ ಅಂತ ಡ್ರೈವರ್ ಇಪ್ಪತ್ತು ನಿಮಿಷ ಹಾಗೇ ಬಿಟ್ಟಿದ್ದ. ನಮ್ಮ ಬಿಸಿಲು ಗೊತ್ತಲ್ಲ, ಅವನನ್ನು ಬೈಯಲು ಮನಸ್ಸು ಬರಲಿಲ್ಲ. ಆದರೆ ಸೈಲೆನ್ಸರ್ ಎದುರಿಗೇ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ತಾಯಿ ಸೆರಗು ಮೂಗಿಗೆ ಒತ್ತಿಕೊಂಡೇ ಮಲ್ಲಿಗೆ ಕಟ್ಟುತ್ತಿದ್ದಳು. ಇಂಗಾಲದ ಲೆಕ್ಕದಲ್ಲಿ ಗೆದ್ದ ಬಸ್ಸೂ ಈ ಮಸಿಯ ಲೆಕ್ಕದಲ್ಲಿ ಸೋಲಬಹುದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 (ವಾಹನದ ಹೊಗೆಗೆ ಮಿತಿ ಹಾಕುವ ನಿಯಮ) ಡೀಸೆಲ್ ಬಸ್ಸುಗಳಲ್ಲಿ ಮಸಿ ತಡೆಯುವ ಫಿಲ್ಟರ್ ಇರುತ್ತದೆ. ನಿಮ್ಮ ಕಾಲೇಜಿನದು ಯಾವ ವರ್ಷದ್ದು, ಕೇಳಿ ನೋಡಿ.

ಪ್ರಿನ್ಸಿಪಾಲರ ಹತ್ತಿರ ಮಾತಾಡುವುದಾದರೆ ಬಸ್ಸನ್ನು ಸಂಜೆಯವರೆಗೆ ಕಾಲೇಜಿನಲ್ಲೇ ನಿಲ್ಲಿಸಲು ಹೇಳಿ. ಖಾಲಿ ಓಡಾಟ ತಪ್ಪುತ್ತದೆ. ಬರುವವರು ಹತ್ತು ಹನ್ನೆರಡೇ ಜನ ಅಂತಾದರೆ ಅಷ್ಟು ದೊಡ್ಡ ಬಸ್ಸು ಯಾಕೆ? ಟೆಂಪೋ ಟ್ರಾವೆಲರ್ ಸಾಕು. ಅದು ಲೀಟರಿಗೆ 10 ಕಿ.ಮೀ. ಕೊಟ್ಟರೂ ಏಳು ಜನರಿಗೆ ತಲೆಗೆ ಮುಕ್ಕಾಲು ಕಿಲೊ, ತುಂಬಿದ ನಿಮ್ಮ ಕಾರಿನಷ್ಟೇ. ನನಗಂತೂ ಇದಕ್ಕಿಂತ ಇಷ್ಟವಾಗುವುದು ಕಲ್ಯಾಣ ಕರ್ನಾಟಕ ಸಾರಿಗೆಯ ಕೆಂಪು ಬಸ್ಸು. ಬೆಳಿಗ್ಗೆ ನಿಮ್ಮಂಥವರನ್ನು ಆಚೆ ಬಿಟ್ಟು, ಬರುವಾಗ ಹಳ್ಳಿಗಳಿಂದ ಕಾಲೇಜು ಹುಡುಗಿಯರನ್ನೂ ಗಂಜ್ ಮಾರುಕಟ್ಟೆಗೆ ಹೊರಟವರನ್ನೂ ತುಂಬಿಕೊಂಡು ಬರುತ್ತದೆ. ಎರಡೂ ಕಡೆ ಸೀಟು ಖಾಲಿ ಇರುವುದಿಲ್ಲ.

ಒಂದು ವಾರ ಬಸ್ಸಿನಲ್ಲಿ ಹೋಗಿ ಸರ್. ದಿನಾ ಎಷ್ಟು ತಲೆ, ನಿಂತಲ್ಲಿ ಇಂಜಿನ್ ಎಷ್ಟು ನಿಮಿಷ ಓಡಿತು, ಬರೆದಿಡಿ. ಡೀಸೆಲ್ ಎಷ್ಟು ಹಾಕಿಸಿದರು ಅನ್ನುವುದನ್ನು ಡ್ರೈವರ್ ಹೇಳುತ್ತಾರೆ. ಆ ಚೀಟಿ ನಮಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.