ಪ್ರತಿಕ್ರಿಯೆ: ಅಪ್‌ಲೋಡ್‌ಗೆ ಮೊದಲು ಹ್ಯಾಂಡಲ್ ನೋಡಿ

ಸ್ಕ್ಯಾನ್ ಮಾಡಿದ ಹಳೆಯ ಪಿಎಚ್‌ಡಿ ಪ್ರಬಂಧಗಳನ್ನು ವಿಶ್ವವಿದ್ಯಾಲಯದ ಡಿಸ್ಪೇಸ್‌ಗೆ (ಪ್ರಬಂಧಗಳನ್ನು ಕೂಡಿಟ್ಟು ಆನ್‌ಲೈನ್‌ನಲ್ಲಿ ಓದಲು ಕೊಡುವ ತಂತ್ರಾಂಶ) ಹಾಕುವ ಮೊದಲು ಏನೇನು ನೋಡಿಕೊಳ್ಳಬೇಕು ಅಂತ ಕೇಳಿದ್ದೀರಿ. ಅದೇ ಕೆಲಸದ ಇನ್ನೊಂದು ತಂತ್ರಾಂಶವಾದ ಈಪ್ರಿಂಟ್ಸ್ ಬೇಕಿತ್ತಾ ಅಂತ ತಲೆ ಕೆಡಿಸಿಕೊಳ್ಳಬೇಡಿ, ಡಿಸ್ಪೇಸ್ ಚೆನ್ನಾಗಿಯೇ ಇದೆ.

ಮೊದಲು ಹ್ಯಾಂಡಲ್, ಅಂದರೆ ಪ್ರತಿ ಪ್ರಬಂಧಕ್ಕೂ ಸಿಗುವ ಶಾಶ್ವತ ಲಿಂಕಿನ ಗುರುತು. ಹೊಸದಾಗಿ ಇನ್‌ಸ್ಟಾಲ್ ಮಾಡಿದಾಗ ಪ್ರತಿ ಪ್ರಬಂಧದ ಹ್ಯಾಂಡಲ್‌ನಲ್ಲಿ 123456789 ಅಂತ ಇರುತ್ತದೆ. ಅದು ಸುಮ್ನೆ ಪರೀಕ್ಷೆಗೆ ಕೊಟ್ಟ ಸಂಖ್ಯೆ. ಅದರ ಜಾಗಕ್ಕೆ ನಿಮ್ಮದೇ ಸಂಖ್ಯೆ (ಪ್ರಿಫಿಕ್ಸ್) ನೋಂದಾಯಿಸಿ, ಕಾನ್ಫಿಗರೇಶನ್‌ನಲ್ಲಿ ಹಾಕಿ, ಆಮೇಲೆ ಅಪ್‌ಲೋಡ್ ಶುರು ಮಾಡಿ. ಸಾವಿರ ಪ್ರಬಂಧ ಹಾಕಿದ ಮೇಲೆ ಬದಲಾಯಿಸುವುದು ದೊಡ್ಡ ತಲೆನೋವು. ಅಷ್ಟರಲ್ಲಿ ಯಾರೋ ಆ ಲಿಂಕನ್ನು ಉಲ್ಲೇಖಿಸಿಯೂ ಬಿಟ್ಟಿರುತ್ತಾರೆ!

ಬರೀ ಚಿತ್ರವಾಗಿರುವ ಪಿಡಿಎಫ್ ಹಾಕಿದರೆ ಒಳಗಿನ ಮಾತು ಹುಡುಕಾಟದಲ್ಲಿ ಸಿಗುವುದಿಲ್ಲ. ಒಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಹುಡುಕಬಹುದಾದ ಪಠ್ಯವಾಗಿಸುವುದು) ಮಾಡಿಯೇ ಹಾಕಿ. ಲೇಖಕರ ಹೆಸರು ಬರೆಯುವ ರೀತಿಯನ್ನೂ ಈಗಲೇ ಗೊತ್ತುಮಾಡಿ. ಇಲ್ಲದಿದ್ದರೆ ಇನಿಷಿಯಲ್ ಹಿಂದೆ ಮುಂದೆ ಆಗಿ ಒಬ್ಬರೇ ಪಟ್ಟಿಯಲ್ಲಿ ಮೂವರಾಗುತ್ತಾರೆ.

ಬ್ಯಾಕಪ್‌ಗೆ ಡೇಟಾಬೇಸ್ ಒಂದೇ ಸಾಲದು. ಫೈಲ್‌ಗಳು ಅಸೆಟ್‌ಸ್ಟೋರ್ ಫೋಲ್ಡರಿನಲ್ಲಿ ಉದ್ದುದ್ದ ಅಂಕಿಗಳ ಹೆಸರಲ್ಲಿ ಕೂತಿರುತ್ತವೆ. ಯಾವುದು ಯಾರ ಪ್ರಬಂಧ ಅಂತ ಗೊತ್ತಿರುವುದು ಡೇಟಾಬೇಸಿಗೆ. ಎರಡನ್ನೂ ಒಟ್ಟಿಗೇ ತೆಗೆದಿಡಿ.

ಲೇಖಕರ ಒಪ್ಪಿಗೆ ಪತ್ರ ಇದೆ ಅಲ್ವಾ? ಇಲ್ಲದ ಕಡೆ ಸದ್ಯಕ್ಕೆ ವಿವರ ಮಾತ್ರ ತೋರಿಸಿ, ಫೈಲ್‌ಗೆ ಬೀಗ ಇರಲಿ.