ಹಾಗಲಕಾಯಿ ರಸ ಕುಡಿದರೆ ಶುಗರ್ ಮಾತ್ರೆ ಬಿಡಬಹುದಾ?

ಪ್ರಶ್ನೆ: ಮೇಡಂ, ಚಿಂತಾಮಣಿ ಹತ್ತಿರ ನಮ್ಮೂರು. ಅರ್ಧ ಎಕರೆಯಲ್ಲಿ ಹಾಗಲದ ಚಪ್ಪರ ಹಾಕಿದ್ದೀವಿ. ನಮ್ಮ ಮಾವನವರಿಗೆ 61 ವರ್ಷ, ಎಂಟು ವರ್ಷದಿಂದ ಶುಗರ್. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎರಡೂ ಸೇರಿರುವ ಮಾತ್ರೆ ಕೊಟ್ಟಿದ್ದಾರೆ. ಯಾರೋ ಹೇಳಿದರು ಅಂತ ಎರಡು ತಿಂಗಳಿಂದ ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ದೊಡ್ಡ ಲೋಟ ಹಾಗಲಕಾಯಿ ರಸ ಕುಡಿಯುತ್ತಿದ್ದಾರೆ. ಕಹಿ ಕಡಿಮೆಯಾಗಲಿ ಅಂತ ಅತ್ತೆ ಅದಕ್ಕೆ ಸೋರೆಕಾಯಿ ಸೇರಿಸುತ್ತಾರೆ. ಕೆಲವು ದಿನ ಮಾತ್ರೆ ತಗೊಳ್ತಾರೆ, ಕೆಲವು ದಿನ "ಇವತ್ತು ರಸ ಕುಡಿದಿದ್ದೀನಿ, ಸಾಕು" ಅಂತಾರೆ. ಹೋದ ವಾರ ಕಾಯಿ ಕೀಳುವಾಗ ಮೈಯೆಲ್ಲ ಬೆವತು ಬದುವಿನ ಮೇಲೆ ಕೂತುಬಿಟ್ಟರು. ಏನು ಮಾಡೋದು?

ಉತ್ತರ: ಹಾಗಲಕಾಯಿ ವಿಷಯ ಆಮೇಲೆ ಅಮ್ಮ, ಮೊದಲು ಆ ಬೆವರಿನ ಬಗ್ಗೆ ಹೇಳ್ತೀನಿ. ಅದು ಬಿಸಿಲಿಗೆ ಆಗಿರಬಹುದು, ಹೃದಯದ ತೊಂದರೆಯೂ ಆಗಿರಬಹುದು, ಹಾಗಾಗಿ ಡಾಕ್ಟರಿಗೆ ತೋರಿಸಲೇಬೇಕು. ಆದರೆ ನೀವು ಬರೆದಿದ್ದನ್ನೆಲ್ಲ ಸೇರಿಸಿ ನೋಡಿದರೆ ನನಗೆ ಮೊದಲು ಬರುವ ಅನುಮಾನ, ಶುಗರ್ ಜಾಸ್ತಿ ಇಳಿದಿತ್ತು ಅನ್ನೋದು. ಬೆವರು, ಕೈ ನಡುಕ, ಎದೆ ಡವಡವ ಅನ್ನೋದು, ಕಣ್ಣು ಮಂಜಾಗೋದು, ಮಾತು ತೊದಲೋದು, ಇವೆಲ್ಲ ಶುಗರ್ 70ಕ್ಕಿಂತ ಕೆಳಗೆ ಹೋದಾಗ ಬರುತ್ತವೆ. ಮತ್ತೆ ಹೀಗಾದರೆ ಕಾಯಬೇಡಿ. ಮೂರು ಟೀ ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಗ್ಲುಕೋಮೀಟರ್‌ನಲ್ಲಿ ನೋಡಿ. ಇನ್ನೂ 70 ದಾಟಿಲ್ಲ ಅಂದರೆ ಇನ್ನೊಂದು ಸಲ ಕೊಡಿ, ಸರಿಯಾದ ಮೇಲೆ ಊಟ ತಿಂಡಿ ಏನಾದರೂ ತಿನ್ನಿಸಿ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಯಾಕೆ ಹೀಗಾಗುತ್ತೆ ಅಂದರೆ, ಅವರ ಮಾತ್ರೆಯಲ್ಲಿರುವ ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಬಿಡಿಸುತ್ತೆ. ಹೊಟ್ಟೆಯಲ್ಲಿ ಊಟ ಇದೆಯಾ ಇಲ್ವಾ ಅಂತ ಅದು ಕಾಯುವುದಿಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತಗೊಳ್ಳುವವರಿಗೆ ಶುಗರ್ ಹೀಗೆ ಕುಸಿಯೋದು ಅಪರೂಪ. ಹಾಗಲಕಾಯಿಯಲ್ಲಿಯೂ ಸಕ್ಕರೆ ಇಳಿಸುವ ಅಂಶಗಳಿವೆ, ಚರಾಂಟಿನ್ ಅಂತ ಒಂದು, ಇನ್ಸುಲಿನ್ ಥರ ಕೆಲಸ ಮಾಡುವ ಪಾಲಿಪೆಪ್ಟೈಡ್-ಪಿ ಅಂತ ಇನ್ನೊಂದು. ಈಗ ನಿಮ್ಮ ಮಾವನವರ ಬೆಳಗ್ಗೆಯನ್ನು ನೆನಪು ಮಾಡಿಕೊಳ್ಳಿ. ಮಾತ್ರೆ, ಲೋಟದ ತುಂಬ ರಸ, ಆಮೇಲೆ ಸೀದಾ ತೋಟ. ನನ್ನ ಹತ್ತಿರ ಬರುವ ರೈತರನ್ನು ಎಷ್ಟೊತ್ತಿಗೆ ತಿಂಡಿ ಅಂತ ಕೇಳಿದರೆ ಹತ್ತು ಗಂಟೆ, ಹತ್ತೂವರೆ ಅಂತಾರೆ, ಅಷ್ಟರಲ್ಲಿ ಮೂರು ಗಂಟೆ ಬಗ್ಗಿ ಎದ್ದು ಕೆಲಸ ಮಾಡಿರುತ್ತಾರೆ. ಮಾತ್ರೆ, ರಸ, ಮೈಮುರಿಯುವ ಕೆಲಸ, ಮೂರೂ ಸೇರಿ ಸಕ್ಕರೆಯನ್ನು ಕೆಳಕ್ಕೆ ಎಳೆಯುತ್ತವೆ, ಮೇಲೆ ತರೋಕೆ ಹೊಟ್ಟೆಯಲ್ಲಿ ಏನೂ ಇರಲ್ಲ.

ಇನ್ನು ಮಾತ್ರೆ ಬಿಟ್ಟ ದಿನ ಉಲ್ಟಾ ಆಗುತ್ತೆ. ಶುಗರ್ ಏರುತ್ತೆ, ಆದರೆ ಅದು ಬೆವರಿನ ಥರ ತಕ್ಷಣ ಗೊತ್ತಾಗುವುದಿಲ್ಲ. ಸುಮ್ನೆ ಏರಿಕೊಂಡೇ ಇದ್ದು ಕಣ್ಣು, ಕಿಡ್ನಿ, ಕಾಲಿನ ನರ ತಿನ್ನುತ್ತೆ. ನನಗೆ ಜಾಸ್ತಿ ಭಯ ಇದರದ್ದೇ.

ಹಾಗಾದರೆ ಹಾಗಲಕಾಯಿಯಿಂದ ಶುಗರ್ ಕಡಿಮೆಯಾಗುತ್ತೆ ಅನ್ನೋದು ಸುಳ್ಳಾ? ಪೂರ್ತಿ ಸುಳ್ಳಲ್ಲ. 2011ರಲ್ಲಿ ಥಾಯ್ಲೆಂಡ್‌ನಲ್ಲಿ ಹೊಸದಾಗಿ ಶುಗರ್ ಬಂದವರಿಗೆ ನಾಲ್ಕು ವಾರ ಹಾಗಲದ ಕ್ಯಾಪ್ಸೂಲ್ ಕೊಟ್ಟು ನೋಡಿದರು. ದಿನಕ್ಕೆ 2000 ಮಿಲಿಗ್ರಾಂ ತಗೊಂಡವರಲ್ಲಿ ಸ್ವಲ್ಪ ಇಳಿಯಿತು, ಆದರೆ ದಿನಕ್ಕೆ 1000 ಮಿಲಿಗ್ರಾಂ ಮೆಟ್‌ಫಾರ್ಮಿನ್ ತಗೊಂಡವರಲ್ಲಿ ಇಳಿದಷ್ಟು ಇಳಿಯಲಿಲ್ಲ. 2012ರಲ್ಲಿ, ಚಿಕಿತ್ಸೆಗಳ ಮೇಲಿನ ಪ್ರಯೋಗಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆಯವರು ಒಟ್ಟು 479 ಜನರ ಮೇಲೆ ನಡೆದಿದ್ದ ನಾಲ್ಕು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ, ಶುಗರ್‌ಗೆ ಇದನ್ನು ಔಷಧಿ ಅಂತ ಹೇಳೋಕೆ ಆಧಾರ ಸಾಲದು ಅಂದರು. ಮಾತ್ರೆಯಲ್ಲಿ ಪ್ರತಿದಿನ ಅಷ್ಟೇ ಮಿಲಿಗ್ರಾಂ ಇರುತ್ತೆ. ನಿಮ್ಮ ಚಪ್ಪರದ ಕಾಯಿಯಲ್ಲಿ ಹಾಗಲ್ಲ, ಎಳೆಯದಕ್ಕೂ ಬಲಿತದ್ದಕ್ಕೂ, ಈ ತಳಿಗೂ ಆ ತಳಿಗೂ ವ್ಯತ್ಯಾಸ ಇರುತ್ತೆ.

ಆ ಸೋರೆಕಾಯಿ ಸೇರಿಸೋದನ್ನು ಮಾತ್ರ ಇವತ್ತೇ ನಿಲ್ಲಿಸಿ ಅಂತ ನಿಮ್ಮ ಅತ್ತೆಗೆ ಹೇಳಿ. ಹಾಗಲದ ಕಹಿ ಅದರ ಗುಣ. ಸೋರೆಕಾಯಿ ಕಹಿಯಾದರೆ ಅದು ವಿಷ. ಕುಕುರ್ಬಿಟಾಸಿನ್ ಅನ್ನುವ ಅಂಶ ಹೆಚ್ಚಾದ ಸೋರೆಕಾಯಿ ರಸ ಕುಡಿದು ರಕ್ತ ವಾಂತಿಯಾಗಿ, ಬಿಪಿ ಕುಸಿದು ನಮ್ಮ ದೇಶದಲ್ಲಿ ಜನ ಸತ್ತಿದ್ದಾರೆ, ಅದಕ್ಕೆ ಮದ್ದೂ ಇಲ್ಲ. ಒಂದು ಚೂರು ಬಾಯಿಗೆ ಹಾಕಿ ನೋಡಿ, ಕಹಿ ಇದ್ದರೆ ಎಸೆಯಿರಿ, ಈ ರಸವನ್ನು ಬೇರೆ ರಸದ ಜೊತೆ ಬೆರೆಸಬೇಡಿ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ತಜ್ಞರ ಸಮಿತಿ ಹೇಳಿದೆ. ಹಾಗಲದ ಜೊತೆ ಮಿಕ್ಸಿಗೆ ಹಾಕಿದ ಮೇಲೆ ಯಾವ ಕಹಿ ಯಾವುದರದ್ದು ಅಂತ ಯಾರಿಗೆ ಗೊತ್ತಾಗುತ್ತೆ, ಹೇಳಿ?

ಈಗ ಸಂತೋಷದ ಮಾತು. ಹಾಗಲಕಾಯಿ ತರಕಾರಿಯಾಗಿ ನನಗೆ ತುಂಬಾ ಇಷ್ಟ, ನಿಮ್ಮ ಮಾವನವರೂ ತಿನ್ನಲಿ. ನೂರು ಗ್ರಾಂ ಹಸಿ ಕಾಯಿಯಲ್ಲಿ 20 ಕ್ಯಾಲೊರಿ ಕೂಡ ಇಲ್ಲ, 94 ಪಾಲು ನೀರು, ಎರಡು ಮೂರು ಗ್ರಾಂ ನಾರು, ಸುಮಾರು 80 ಮಿಲಿಗ್ರಾಂ ವಿಟಮಿನ್ ಸಿ, ಜೊತೆಗೆ ಫೋಲೇಟ್ ಅನ್ನುವ ಬಿ ವಿಟಮಿನ್. ಬೇಯಿಸಿದಾಗ ವಿಟಮಿನ್ ಸಿ ಒಂದಷ್ಟು ಹೋಗುತ್ತೆ, ನಾರು ಹಾಗೇ ಉಳಿಯುತ್ತೆ. ರಸ ಸೋಸಿದಾಗ ಆ ನಾರನ್ನೇ ಎಸೆಯುತ್ತೀರಿ. ಮುದ್ದೆ ಜೊತೆ ಪಲ್ಯವನ್ನೂ ತಿಂದರೆ ಆ ನಾರಿನಿಂದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತೆ.

ಹಾಗಲಕಾಯಿ ಗೊಜ್ಜಿನ ವಿಷಯದಲ್ಲಿ ಹುಷಾರು. ನಮ್ಮ ಕಡೆ ಅರ್ಧ ಕೆಜಿ ಕಾಯಿಗೆ ಒಂದು ಹಿಡಿ ಬೆಲ್ಲ ಬೀಳುತ್ತೆ, ಅಲ್ವಾ? ಶುಗರ್ ಇರುವವರಿಗೆ ಅದು ಬೆಲ್ಲದ ಊಟವೇ. ಹುಣಸೆ, ಹುರಿದ ಎಳ್ಳಿನ ಪುಡಿ ಜಾಸ್ತಿ ಮಾಡಿ, ಬೆಲ್ಲ ಅಡಿಕೆಯಷ್ಟು ಹಾಕಿ. ಎಣ್ಣೆಯಲ್ಲಿ ಕರಿದ ಚಿಪ್ಸ್ ಬೇಡ. ಹಾಗಲ ತಿಂದಿದ್ದೀನಿ ಅಂತ ಇನ್ನೊಂದು ಮುದ್ದೆ ಹಾಕಿಸಿಕೊಳ್ಳೋದೂ ಬೇಡ.

ಡಾಕ್ಟರ ಹತ್ತಿರ ಹೋಗುವಾಗ ಮಾತ್ರೆಯ ಪಟ್ಟಿ ತಗೊಂಡು ಹೋಗಿ, ರಸ ಕುಡಿಯುತ್ತಿದ್ದ ವಿಷಯ ಮುಚ್ಚಿಡಬೇಡಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಮಾತ್ರೆ ಕಡಿಮೆ ಮಾಡಬೇಕಾದರೆ ಅದನ್ನು ನೋಡಿ ಅವರೇ ಮಾಡುತ್ತಾರೆ.

ಪ್ರಶ್ನೆ: ನಾನು ಶಿರಾದವಳು, ಮೂರು ತಿಂಗಳ ಗರ್ಭಿಣಿ. ಹಾಗಲಕಾಯಿ ತಿಂದರೆ ಗರ್ಭ ನಿಲ್ಲಲ್ಲ ಅಂತ ಅಜ್ಜಿ ಹೆದರಿಸುತ್ತಾರೆ. ಹೋದ ವಾರ ಪಲ್ಯ ತಿಂದುಬಿಟ್ಟಿದ್ದೀನಿ.

ಉತ್ತರ: ಒಂದು ಸಲ ಪಲ್ಯ ತಿಂದಿದ್ದಕ್ಕೆ ನಿದ್ದೆಗೆಡಬೇಡಿ. ಅಜ್ಜಿ ಮಾತಿಗೂ ಆಧಾರ ಇದೆ, ಹಾಗಲದ ಸಾರವನ್ನು ಪ್ರಾಣಿಗಳಿಗೆ ಕೊಟ್ಟಾಗ ಗರ್ಭಕ್ಕೆ ತೊಂದರೆಯಾಗಿದ್ದು ಕಂಡಿದೆ. ಆದ್ದರಿಂದ ರಸ, ಪುಡಿ, ಕ್ಯಾಪ್ಸೂಲ್, ಬೀಜ ಪೂರ್ತಿ ಬಿಡಿ. ಹೆರಿಗೆಯಾಗುವ ತನಕ ಪಲ್ಯವನ್ನೂ ಬಿಟ್ಟರೆ ನಿಮಗೇನೂ ನಷ್ಟವಿಲ್ಲ, ಫೋಲೇಟ್ ಸೊಪ್ಪಿನಲ್ಲಿ, ಕಾಳಿನಲ್ಲಿ ಬೇಕಾದಷ್ಟಿದೆ. ಡಾಕ್ಟರು ಕೊಟ್ಟ ಫೋಲಿಕ್ ಆಸಿಡ್ ಮಾತ್ರೆ ಮಾತ್ರ ತಪ್ಪಿಸಬೇಡಿ.

ಪ್ರಶ್ನೆ: ಉಪ್ಪು ಹಾಕಿ ಹಿಂಡಿ ಕಹಿ ನೀರು ಚೆಲ್ಲಿದರೆ ಸತ್ವ ಹೋಗುತ್ತಾ? ಹಣ್ಣಾದ ಕಾಯಿ ಬಳಸಬಹುದಾ? (ಮಾಲೂರಿನಿಂದ)

ಉತ್ತರ: ಸ್ವಲ್ಪ ಹೋಗುತ್ತೆ, ಆ ಹಸಿರು ನೀರಿನಲ್ಲಿ ವಿಟಮಿನ್ ಸಿ ಕೂಡ ಇರುತ್ತೆ. ಆದರೆ ಹಾಗೆ ಮಾಡಿದರೇನೇ ಮನೆಯಲ್ಲಿ ಮಕ್ಕಳು ತಿನ್ನೋದು ಅಂದರೆ ಧಾರಾಳವಾಗಿ ಮಾಡಿ. ತಿನ್ನದೆ ತಟ್ಟೆಯಲ್ಲಿ ಬಿಟ್ಟ ಪಲ್ಯದಿಂದ ಯಾರಿಗೂ ಏನೂ ಸಿಗಲ್ಲ. ಬಿಪಿ ಇರುವವರ ಪಾಲಿಗೆ ಮಾತ್ರ ಹಿಂಡಿದ ಮೇಲೆ ನೀರಿನಲ್ಲಿ ಒಮ್ಮೆ ಜಾಲಿಸಿ, ಒಗ್ಗರಣೆಗೆ ಮತ್ತೆ ಉಪ್ಪು ಹಾಕಬೇಡಿ. ನಾನು ಉಪ್ಪಿನ ಬದಲು ಗಟ್ಟಿ ಮಜ್ಜಿಗೆಯಲ್ಲಿ ಅರ್ಧ ಗಂಟೆ ನೆನೆಸುತ್ತೇನೆ, ಕಹಿಯ ತೀಕ್ಷ್ಣತೆ ಇಳಿದು ಹದವಾಗುತ್ತೆ. ಹೆಚ್ಚುವ ಮುಂಚೆ ಹರಿಯುವ ನೀರಿನಲ್ಲಿ ಬ್ರಷ್ ಹಾಕಿ ತೊಳೆಯಿರಿ, ಆ ಗಂಟು ಗಂಟು ಸಿಪ್ಪೆಯ ಸಂದಿಯಲ್ಲಿ ಮಣ್ಣು, ಔಷಧಿ ಕೂತಿರುತ್ತೆ.

ಹಳದಿಯಾಗಿ ಬಿರಿದು ಒಳಗೆ ಕೆಂಪು ತಿರುಳು ಕಾಣಿಸುತ್ತಿರುವ ಹಣ್ಣು ಅಡುಗೆಗೆ ಬೇಡ. ಆ ಕೆಂಪು ತಿರುಳು ಸಿಹಿಯಾಗಿರುತ್ತೆ, ಮಕ್ಕಳು ಚೀಪುತ್ತಾ ಬೀಜವನ್ನೂ ನುಂಗಿಬಿಡುತ್ತಾರೆ. ಬೀಜದಲ್ಲಿ ವೈಸಿನ್ ಅನ್ನುವ ಅಂಶ ಇದೆ. ಜಿ6ಪಿಡಿ ಕೊರತೆ ಅಂತ ಹುಟ್ಟಿನಿಂದಲೇ ಬರುವ ಒಂದು ತೊಂದರೆ ಇದೆ, ಅದು ಇರುವವರಿಗೆ ಈ ವೈಸಿನ್‌ನಿಂದ ಕೆಂಪು ರಕ್ತಕಣಗಳು ಒಡೆಯಬಹುದು. ಎಷ್ಟೋ ಮನೆಗಳಲ್ಲಿ ಮಗುವಿಗೆ ಅದಿದೆ ಅಂತಲೇ ಗೊತ್ತಿರುವುದಿಲ್ಲ. ಎಳೆಕಾಯಿಯ ಮೆತ್ತನೆ ಬೀಜ ಪಲ್ಯದ ಜೊತೆ ಒಂದೆರಡು ಹೋದರೆ ಆತಂಕ ಬೇಡ, ಬಲಿತ ಬೀಜಗಳನ್ನು ಮಾತ್ರ ಚಮಚದಲ್ಲಿ ಕೆರೆದು ತೆಗೆದುಬಿಡಿ.