ಅಂಗೈ ಉರಿಯುವಾಗ ಯಜಮಾನರನ್ನು ಎತ್ತಬೇಡಿ

ಅಕ್ಕಾ, ಕ್ಯಾನ್ಸರಿಗೆ ಕೊಡುವ ಕೆಪೆಸಿಟಾಬಿನ್ ಮಾತ್ರೆಯಿಂದ ಅಂಗೈ, ಅಂಗಾಲು ಉರಿಯುತ್ತಿವೆ, ಕಾಲು ಮುರಿದ ಯಜಮಾನರನ್ನು ಎಬ್ಬಿಸಿ ಕೂರಿಸುವುದು ಹೇಗೆ ಎಂದು ಕೇಳಿದ್ದೀರಿ. ಮೊದಲು ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ನೋವು ಕೆಲಸಕ್ಕೆ ಅಡ್ಡ ಬರುವಷ್ಟಾದರೆ ಅವರು ಸಾಮಾನ್ಯವಾಗಿ ಮಾತ್ರೆಯನ್ನು ಕೆಲವು ದಿನ ನಿಲ್ಲಿಸುತ್ತಾರೆ, ಬೇಕಾದರೆ ಡೋಸ್ ಇಳಿಸುತ್ತಾರೆ. ಹಾಗಂತ ಚಿಕಿತ್ಸೆ ಸೋತಿತು ಅಂತಲ್ಲ. ನಾನು ಅದೇ ಭಯದಲ್ಲಿ ಬಾಯಿಬಿಡದೆ ಸಹಿಸಿಕೊಂಡು, ಚರ್ಮ ಸುಲಿದ ಮೇಲೆ ಹೇಳಿದೆ. ನೀವು ಹಾಗೆ ಮಾಡಬೇಡಿ. ಬಿಸಿನೀರು, ತಿಕ್ಕಾಟ ಎರಡೂ ಉರಿ ಹೆಚ್ಚಿಸುತ್ತವೆ. ಎತ್ತುವ ಬದಲು, ಯಜಮಾನರ ಸೊಂಟಕ್ಕೆ ಬೆಲ್ಟ್ ಕಟ್ಟಿ ಅವರ ಗಟ್ಟಿ ಕಾಲಿನ ಬಲದಿಂದಲೇ ಏಳಿಸುವ ರೀತಿಯನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಯಿರಿ. ನಿಮಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಿ. ಆಗ ಯಜಮಾನರ ಬಳಿ ಯಾರಿರುತ್ತಾರೆ ಅಂತ ಈಗಲೇ ಗೊತ್ತುಮಾಡಿಕೊಳ್ಳಿ.